ಬುದವಂತ ಟೆಂಪೋದ ತಳ ಬಳಿದದ್ದು

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಆಮೇಲೆ ಆ ತಾಯಿಯ ಮುಖ ನೋಡಿದರೆ ನಗು ಬರಲಿಕ್ಕಿಲ್ಲ.

ಕಡಲ ದಂಡೆಯ ಒಂದೂರಲ್ಲಿ ಬೀರಮ್ಮ ಎಂಬವಳಿದ್ದಳು. ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಎರಡೇ: ಮೀನು ಸಾಗಿಸುವ ಹಳೇ ಟೆಂಪೋ, ಮತ್ತು ಮೂವತ್ತು ತುಂಬಿದ ಮಗ. ಮಗನ ಹೆಸರು ಬುದವಂತ. ಹೆಸರಿಟ್ಟವರನ್ನು ಬೈಯಬೇಡಿ, ಬುಧವಾರ ಹುಟ್ಟಿದ್ದ. ಗಾಡಿ ಮಾತ್ರ ನೆಟ್ಟಗೆ ಓಡಿಸುತ್ತಿದ್ದ. ಕೆಳಗಿಳಿದನೋ, ಬೀರಮ್ಮ ಊರಲ್ಲಿ ತಲೆ ಎತ್ತುವ ಹಾಗಿರಲಿಲ್ಲ.

ಮೀನಿನ ಉಪ್ಪುನೀರು ಸೋರಿ ಸೋರಿ ಟೆಂಪೋದ ತಳಕ್ಕೆಲ್ಲ ತುಕ್ಕು ಹಿಡಿದಿತ್ತು. ಶುಕ್ರವಾರ ಬಂದರದ ಬಯಲಿಗೆ ಬ್ರೇಕ್ ಇನ್ಸ್‌ಪೆಕ್ಟರು ಬರುವವರಿದ್ದರು. ಅವರು ಗಾಡಿ ಪಾಸು ಮಾಡಿದರೆ ಮನೆಯಲ್ಲಿ ಒಲೆ ಉರಿಯುತ್ತದೆ, ಇಲ್ಲದಿದ್ದರೆ ಇಲ್ಲ.

"ಮಗಾ, ತುಕ್ಕು ಹಿಡೀದ ಹಾಗೆ ತಳಕ್ಕೆ ಬಳಿಯೋದು ಎಂತದೋ ಸಿಗ್ತದಂತೆ. ಒಬ್ಬನ ಮಾತು ಕೇಳಿ ತರ್ಬೇಡ. ನಾಲ್ಕು ಜನರನ್ನ ಕೇಳಿ ತಾ."

ಕೇಳಿದ. ದಾರಿಯಲ್ಲಿ ಮೊದಲು ಸಿಕ್ಕ ನಾಲ್ಕು ಜನರನ್ನೇ ಕೇಳಿದ! ಕ್ಷೌರದವನು ಕತ್ತರಿಗೆ ಹಚ್ಚುವ ಕೊಬ್ಬರಿ ಎಣ್ಣೆ ಅಂದ. ದರ್ಜಿ ಹೊಲಿಗೆ ಮಿಷನ್ನಿನ ಎಣ್ಣೆ ಅಂದ. ದೋಸೆಯವಳು ಕಾವಲಿಗೆ ಉಜ್ಜುವ ಈರುಳ್ಳಿ ಅಂದಳು. ಗುಡಿಯ ಭಟ್ಟರು ದೀಪ ತಿಕ್ಕುವ ಹುಣಸೆಹಣ್ಣು ಅಂದರು. ನಾಲ್ಕನ್ನೂ ಕಲಸಿದ, ತಳಕ್ಕೆ ಬಳಿದ. ಬೆಳಗಾಗುವುದರೊಳಗೆ ಕೇರಿಯ ಇರುವೆಗಳೆಲ್ಲ ಟೆಂಪೋದ ಕೆಳಗೆ!

"ಅಯ್ಯೋ ಪೆದ್ದೇ! ಗಾಡಿ ಸಾಮಾನಿನ ಅಂಗಡೀಲಿ ಕೇಳ್ಬೇಕಾ, ದೋಸೆಯವಳನ್ನಾ? ಅಂಗಡಿಗೆ ಹೋಗು. ಯಾವುದು ಗಟ್ಟಿ ಹಿಡೀತದೆ ಅಂತ ಕೈಯಾರೆ ನೋಡಿ ತಾ!"

"ಆಯ್ತವ್ವಾ."

ಹೋದ. ಅಂಗಡಿಯವನು ಮೂರು ಡಬ್ಬ ತೆರೆದಿಟ್ಟ. ಒಂದು ಮೇಣದಂಥದ್ದು, ಒಂದು ಸತುವಿನ ಬೂದು ಬಣ್ಣ, ಒಂದು ರಬ್ಬರಿನಂಥ ಕಪ್ಪು. ಕೈಯಾರೆ ನೋಡು ಅಂದಿದ್ದಾಳಲ್ಲ! ಮೇಣದಲ್ಲಿ ಕೈ ಅದ್ದಿದ, ಒರೆಸಿದರೆ ಹೋಯಿತು. ಬೂದಿನಲ್ಲಿ ಅದ್ದಿದ, ಕೆರೆದರೆ ಹೋಯಿತು. ಕಪ್ಪಿನಲ್ಲಿ ಎರಡೂ ಕೈ ಮೊಣಕೈವರೆಗೆ ಅದ್ದಿದ. ಏನು ಮಾಡಿದರೂ ಹೋಗಲಿಲ್ಲ!

"ಇದೇ ಗಟ್ಟಿ!" ಎಂದು ಕಪ್ಪನ್ನೇ ತಂದ.

ಎರಡು ದಿನ ಬೀರಮ್ಮ ಅವನಿಗೆ ತುತ್ತು ಕಲಸಿ ತಿನ್ನಿಸಬೇಕಾಯಿತು. ನೆರೆಯವರು ಬೇಲಿಯಾಚೆಯಿಂದ ಇಣುಕಿ ನೋಡಿದರು. ಮೀಸೆ ಬಂದ ಮಗನ ಬಾಯಿಗೆ ಅನ್ನ ಇಡುವಾಗ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಅವನೂ ತಲೆ ತಗ್ಗಿಸಿಕೊಂಡೇ ಅಗಿದ.

"ಬಳಿಯೋದು ಕಬ್ಬಿಣಕ್ಕೆ ಮಾರಾಯಾ, ಕೈಗಲ್ಲ! ತುಕ್ಕು ಕೆರೆದು ತಳಕ್ಕೆ ಬಳಿ. ಒಂದು ಚೂರೂ ಬಿಡ್ಬೇಡ!"

ಬಿಡಲಿಲ್ಲ. ಹೊಗೆ ಕೊಳವೆಗೆ ಬಳಿದ. ನೀರು ಇಳಿಯುವ ತೂತುಗಳನ್ನೆಲ್ಲ ಮುಚ್ಚಿದ. ತಳದ ಚಾಸಿಯ ಮೇಲೆ ಕೊರೆದ ಗಾಡಿಯ ಗುರುತಿನ ನಂಬರಿಗೆ ಎರಡೆರಡು ಸಲ ಬಳಿದ!

ಶುಕ್ರವಾರ ಬೆಳಿಗ್ಗೆ ಟೆಂಪೋ ಕೆಳಗಿಂದ ಕಮಟು ಹೊಗೆ ಬಿಡುತ್ತಲೇ ಬಯಲಿಗೆ ಬಂತು. ಇನ್ಸ್‌ಪೆಕ್ಟರು ಬಗ್ಗಿದರು, ಮಂಡಿಯೂರಿದರು, ಕೊನೆಗೆ ಮಲಗಿಯೇಬಿಟ್ಟರು. ನಂಬರಿಲ್ಲ! ಎದ್ದಾಗ ಬಿಳಿ ಅಂಗಿಯೆಲ್ಲ ಕಪ್ಪು.

"ನಂಬರೇ ಇಲ್ಲ! ಕದ್ದ ಗಾಡಿಯೇನ್ರೀ ಇದು? ಸಂಜೆ ನಾಲ್ಕಕ್ಕೆ ಮತ್ತೆ ನೋಡ್ತೀನಿ. ಆಗ್ಲೂ ಕಾಣದಿದ್ರೆ ಪಾಸಿಲ್ಲ!"

ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಕದ್ದ ಗಾಡಿ ಎಂಬ ಮಾತು ಬೀರಮ್ಮನ ಎದೆಗೆ ನಾಟಿತು. ಮಗನನ್ನು ಬದಿಗೆ ಎಳೆದಳು.

"ನಿನ್ನಂಥವನನ್ನ ಹೆತ್ತು ಮುಖ ಎತ್ತಿ ತಿರುಗ್ಲಿಕ್ಕಾಗ್ತಿಲ್ಲ ನಂಗೆ! ಆ ನಂಬರ್ ಕೆರೆ. ಸಾಹೇಬ್ರು ಇನ್ನೊಂದ್ಸಲ ಬಗ್ಗೋ ಹಾಗೆ ಆಗ್ಬಾರ್ದು. ನಿಂತಲ್ಲೇ ಕಾಣ್ಬೇಕು!"

ಅಷ್ಟು ಹೇಳಿ ಕಣ್ಣೊರೆಸಿಕೊಳ್ಳುತ್ತ ದೂರದ ಮರದ ಬುಡಕ್ಕೆ ಹೋಗಿ ಬೆನ್ನು ಹಾಕಿ ಕೂತಳು.

ಬುದವಂತನಿಗೂ ನಾಚಿಕೆಯಾಯಿತು. ಈ ಸಲವಾದರೂ ಅವ್ವ ಮುಖ ಎತ್ತಬೇಕು ಅಂದುಕೊಂಡ. ನಂಬರು ಕೆರೆದ, ಅದು ಬೆಳ್ಳಗೆ ಹೊಳೆಯಿತು. ಆದರೆ ನಿಂತಲ್ಲೇ ಕಾಣಬೇಕಲ್ಲ! ಆಚೆ ಮರಳಿನಲ್ಲಿ ಮೀನುಗಾರರು ಮಳೆಗಾಲಕ್ಕೆ ಮೊದಲು ದೋಣಿ ಮಗುಚಿ ಹಾಕಿ ತಳಕ್ಕೆ ಎಣ್ಣೆ ಬಳಿಯುತ್ತಿದ್ದರು. ದೋಣಿಯ ತಳವೆಲ್ಲ ನಿಂತಲ್ಲೇ ಕಾಣುತ್ತಿತ್ತು!

"ಬನ್ನಿ, ಇದನ್ನೂ ಮಗುಚಿ!"

"ಯಾರು ಹೇಳಿದ್ದು?"

"ಅವ್ವ!"

ಬೀರಮ್ಮನ ಮಾತಿಗೆ ಆ ದಂಡೆಯಲ್ಲಿ ಎದುರಾಡುವವರಿರಲಿಲ್ಲ. ಹದಿನೈದು ಜನ ಹೆಗಲು ಕೊಟ್ಟರು. ಐಸಾ! ಐಸಾ!

ನಾಲ್ಕಕ್ಕೆ ಇನ್ಸ್‌ಪೆಕ್ಟರು ಬಂದರೆ ಟೆಂಪೋ ಅಂಗಾತ ಮಲಗಿದೆ, ಗಾಲಿಗಳು ಆಕಾಶಕ್ಕೆ! ಗಾಜು ಪುಡಿಪುಡಿ, ಚಾವಣಿ ಚಪ್ಪಟೆ. ತಳದಲ್ಲಿ ಮಾತ್ರ ಒಂದು ಚೂರು ತುಕ್ಕಿಲ್ಲ.

"ನಿಂತೇ ಓದಿ ಸಾಹೇಬ್ರೆ," ಎಂದು ಬುದವಂತ ಕೈಮುಗಿದ.

ಸಾಹೇಬರು ನಿಂತೇ ಓದಿದರು. "ತಳ ಪಾಸು. ಗಾಡಿ ಫೇಲು," ಅಂದರು. "ಯಾರಪ್ಪಾ ನಿನಗೆ ಹೀಗೆ ಮಾಡು ಅಂದಿದ್ದು?"

ಬಯಲಿಗೆ ಬಯಲೇ ಬಿದ್ದು ಬಿದ್ದು ನಗುತ್ತಿತ್ತು. ಬುದವಂತನ ಮುಖ ಸಣ್ಣಗಾಯಿತು. ಗದ್ದಲ ಕೇಳಿ ಬಂದ ಬೀರಮ್ಮನಿಗೆ ಹಾಗೇ ತಿರುಗಿ ಓಡಿಹೋಗೋಣ ಅನ್ನಿಸಿತು. ಮಗನ ಮುಖ ಕಂಡ ಮೇಲೆ ಕಾಲು ಬರಲಿಲ್ಲ.

"ನಾನೇ ಹೇಳಿದ್ದು ಸಾಹೇಬ್ರೆ," ಅಂದಳು. "ಇವ ನನ್ನ ಮಗ. ನನ್ನ ಮಾತು ಒಂದನ್ನೂ ಮೀರಿದವನಲ್ಲ."

ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. ದಿನಾ ಹೇಳುವ ಮಾತೇ ಬಾಯಿಗೆ ಬಂತು: "ಸಾಕು ಮಗಾ. ಗಾಡಿ ಹತ್ತು, ಮನೆಗೆ ಹೋಗುವ."

"ಆಯ್ತವ್ವಾ!"

ಒಡೆದ ಕಿಟಕಿಯಲ್ಲಿ ನುಸುಳಿದ. ತಲೆ ಕೆಳಗೆ ಕಾಲು ಮೇಲೆ ಮಾಡಿಕೊಂಡು ಸ್ಟೇರಿಂಗ್ ಹಿಡಿದ. ಇಂಜಿನ್ ಗುಡುಗಿತು, ಆಕಾಶದಲ್ಲಿ ಹಿಂದಿನ ಗಾಲಿಗಳು ಗಿರ್ರನೆ ತಿರುಗಿದವು.

"ಬೇಗ ಹತ್ತವ್ವಾ," ಅಂತ ಒಳಗಿಂದ ಕೂಗಿದ, "ಜನ ನೋಡ್ತಾ ಇದ್ದಾರೆ!"