ಸೀಳಿಲ್ಲದ ಸೀಸದ ಮಣಿ

"ಗುರುಗಳೇ, ಹೆಮ್ಮೆಯನ್ನು ಬೇರುಸಮೇತ ಕೀಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ನಿನ್ನೆ ಅಂಗಳ ಗುಡಿಸಿದವನು ನೀನೇ ಅಲ್ಲವೇ? ಗುಡಿಸಿದ ಮೇಲೆ, 'ನನ್ನದೇನಿದೆ, ಎಲ್ಲ ನಿಮ್ಮ ಕೃಪೆ' ಎನ್ನುವುದಕ್ಕೆಂದೇ ಪೊರಕೆ ಹಿಡಿದು ನನ್ನ ಮುಂದೆ ಸುಳಿದಾಡಿದೆ. ಕೀಳುವುದು ಅಷ್ಟು ಸುಲಭವಲ್ಲ, ಮಾರಾಯ. ಅದಿರಲಿ, ಯಾಕೆ ಕೀಳಬೇಕು?"

"ಹೆಮ್ಮೆ ಇರುವವನಿಗೆ ತನ್ನ ತಪ್ಪು ಕಾಣುವುದಿಲ್ಲ. ಕಂಡರೂ ಅವನು ಒಪ್ಪಿಕೊಳ್ಳುವುದಿಲ್ಲ. ಅದಕ್ಕೆ."

"ಹಾಗೋ? ಕೂತುಕೋ" ಎಂದು ಗುರುಗಳು ಕತೆ ಹೇಳತೊಡಗಿದರು.

ಒಂದು ದೊಡ್ಡ ಕೆರೆ. ಅದರ ಈ ದಡದಲ್ಲಿ ಮೀನುಗಾರರ ಕೇರಿ, ಆ ದಡದಲ್ಲಿ ಒಬ್ಬ ಬೇಟೆಗಾರನ ಮನೆ. ಚಳಿಗಾಲ ಬಂತೆಂದರೆ ಹಿಮದ ಬೆಟ್ಟಗಳನ್ನು ದಾಟಿ ಹೆಬ್ಬಾತುಗಳು ಆ ಕೆರೆಗೆ ಬಂದು ಇಳಿಯುತ್ತಿದ್ದವು. ಸುತ್ತಲಿನ ಊರುಗಳಲ್ಲೂ ಕೆರೆಗಳಿದ್ದವು, ಅಲ್ಲಿಗೆ ಅವು ಹೋಗುತ್ತಿರಲಿಲ್ಲ. ಊರಿನವರಿಗೆ ಇದು ಎಂಥ ಹೆಮ್ಮೆಯೆಂದರೆ, ಹೆಣ್ಣು ಕೇಳಲು ಹೋದ ಮನೆಯಲ್ಲೂ ಮೊದಲು ಹೆಬ್ಬಾತಿನ ಸುದ್ದಿ ಎತ್ತಿ, ಅದು ಮುಗಿದ ಮೇಲೆ ಹುಡುಗನ ಸುದ್ದಿಗೆ ಬರುತ್ತಿದ್ದರು. ಬೇಟೆಗಾರ ಸಣ್ಣ ಬಾತುಗಳನ್ನು ಹೊಡೆಯುತ್ತಿದ್ದ. ಹೆಬ್ಬಾತಿಗೆ ಅವನೂ ಕೋವಿ ಎತ್ತುತ್ತಿರಲಿಲ್ಲ. ಅವು ಊರಿನ ನಂಟರು.

ಕೇರಿಯಲ್ಲಿ ಒಬ್ಬ ಮೀನುಗಾರನಿದ್ದ. ಬೀಸುಬಲೆ ನೀರಿನಲ್ಲಿ ಮುಳುಗಲೆಂದು ಅದರ ಅಂಚಿಗೆ ಸೀಸದ ಮಣಿಗಳನ್ನು ಪೋಣಿಸುತ್ತಾರೆ. ಆ ಮಣಿಗಳನ್ನು ಇಡೀ ಕೇರಿಗೆ ಎರಕ ಹೊಯ್ದು ಕೊಡುವವನು ಅವನು. ಬೇರೆ ಊರುಗಳಲ್ಲಿ ಸೀಸದ ತಗಡನ್ನು ನೂಲಿನ ಸುತ್ತ ಮಡಚಿ ಹಲ್ಲಿನಿಂದ ಕಚ್ಚಿ ಬಿಗಿಯುತ್ತಾರೆ. ಅಂಥ ಮಣಿಯಲ್ಲಿ ಉದ್ದಕ್ಕೂ ಒಂದು ಸೀಳು ಉಳಿಯುತ್ತದೆ, ಎಂದೋ ಒಂದು ದಿನ ಅದು ಬಾಯಿ ಬಿಟ್ಟು ಉದುರುತ್ತದೆ. ಇವನು ಮಣ್ಣಿನ ಅಚ್ಚಿನಲ್ಲಿ ತೆಂಗಿನ ಗರಿಯ ಕಡ್ಡಿ ನಿಲ್ಲಿಸಿ ಸುತ್ತಲೂ ಕಾದ ಸೀಸ ಹೊಯ್ಯುತ್ತಿದ್ದ. ಕಡ್ಡಿ ಕರಿಯಾಗಿ ಉದುರಿಹೋಗಿ ಅದರ ಜಾಗದಲ್ಲಿ ತೂತು ಉಳಿಯುತ್ತಿತ್ತು. ಸೀಳಿಲ್ಲದ ಮಣಿ ಅವನೊಬ್ಬನದೇ. ಅವನ ಅಪ್ಪನಿಂದ ಅವನಿಗೆ ಬಂದ ಕೆಲಸ ಅದು.

ಆ ಜಂಬವನ್ನು ನೀನು ನೋಡಬೇಕಿತ್ತು. ಒಂದು ಮಣಿ ಯಾವಾಗಲೂ ಅವನ ಸೊಂಟದಲ್ಲಿ ಇರುತ್ತಿತ್ತು. ದಾರಿಯಲ್ಲಿ ಯಾರೇ ಸಿಕ್ಕಲಿ, ಅದನ್ನು ಕೈಗಿಟ್ಟು, "ಸೀಳೆಲ್ಲಿದೆ, ತೋರ್ಸು ನೋಡಾನ" ಎನ್ನುತ್ತಿದ್ದ. ಅವನು ಎದುರಿಗೆ ಬರುವುದು ಕಂಡರೆ ಊರಿನ ಅರ್ಧ ಜನ ಬೇರೆ ದಾರಿ ಹಿಡಿಯುತ್ತಿದ್ದರು. ನನಗೆ ಮಾತ್ರ ಅಂಥವರೆಂದರೆ ಇಷ್ಟ. ತನ್ನ ಕೆಲಸವನ್ನು ತಾನೇ ಮೆಚ್ಚದವನು ಮಾಡಿದ್ದನ್ನು ನಾನಂತೂ ಮನೆಗೆ ತರುವುದಿಲ್ಲ.

ಒಂದು ಚಳಿಗಾಲ ಬಂದ ಹೆಬ್ಬಾತುಗಳು ಸಾಯತೊಡಗಿದವು. ರೆಕ್ಕೆ ಜೋತುಬಿದ್ದು ಹಾರಲಾರದೆ ದಡದ ಮೇಲೆ ತೂರಾಡುತ್ತಿದ್ದವು. ಕತ್ತು ಎತ್ತಲಾಗದೆ ನೀರಿಗೆ ಮುಖವಿಟ್ಟು ಪ್ರಾಣ ಬಿಡುತ್ತಿದ್ದವು. ಊರಿನಲ್ಲಿ ಔಷಧಿ ಕೊಡುವ ಒಬ್ಬ ಮುದುಕಿ ಇದ್ದಳು. ಅವಳು ಹೇಳಿದಳು: ಹಕ್ಕಿಗೆ ಹಲ್ಲಿಲ್ಲ. ಕಾಳು ಅರೆಯುವುದಕ್ಕೆ ಅದು ಸಣ್ಣ ಕಲ್ಲುಗಳನ್ನು ನುಂಗುತ್ತದೆ. ಕೆಸರಿನಲ್ಲಿ ಸೀಸವೂ ಕಲ್ಲಿನ ಹಾಗೆಯೇ ಕಾಣುತ್ತದೆ. ಹೊಟ್ಟೆಯಲ್ಲಿ ಅದು ಸವೆದು ರಕ್ತಕ್ಕೆ ಇಳಿಯುತ್ತದೆ. ಕೆರೆಗೆ ಸೀಸ ಬೀಳುವುದನ್ನು ನಿಲ್ಲಿಸಿ, ಇಲ್ಲವೇ ನಿಮ್ಮ ನಂಟರ ಆಸೆ ಬಿಡಿ.

ಊರು ಸೇರಿತು. ಬಲೆಯಲ್ಲೂ ಕೋವಿಯಲ್ಲೂ ಸೀಸ ಬೇಡವೆಂದು ಕೆಲವರು ಹೇಳಿದರು. ಮೀನುಗಾರರು ಎದ್ದರು. ಸೀಸವಿಲ್ಲದ ಬಲೆ ಹೊದಿಕೆಯ ಹಾಗೆ ನೀರಿನ ಮೇಲೆ ಹಾಸಿಕೊಳ್ಳುತ್ತದೆ, ಕಲ್ಲು ಕಟ್ಟಿದರೆ ನೂಲು ಹರಿಯುತ್ತದೆ, ಕಬ್ಬಿಣ ಕಟ್ಟಿದರೆ ತುಕ್ಕು ನೂಲನ್ನು ತಿನ್ನುತ್ತದೆ, ಕೇರಿಯ ಒಲೆ ಉರಿಯುವುದು ಹೇಗೆ ಎಂದರು. ಬೇಟೆಗಾರನೂ ಸುಮ್ಮನಿರಲಿಲ್ಲ. ಕೋವಿಗೆ ಸೀಸದ ಬದಲು ಕಬ್ಬಿಣದ ಚರೆ, ಅಂದರೆ ಸಣ್ಣ ಗುಂಡು, ತುಂಬಿದರೆ ಅದು ಹಗುರ, ಅದು ಹಕ್ಕಿಯನ್ನು ಕೊಲ್ಲದೆ ಗಾಯಮಾಡಿ ಬಿಡುತ್ತದೆ, ನರಳಿಸುವುದು ಇನ್ನೂ ದೊಡ್ಡ ಪಾಪ ಎಂದ. ಎರಡು ಮಾತಿನಲ್ಲೂ ಹುರುಳಿತ್ತು. ಹುರುಳಿಲ್ಲದಿದ್ದರೆ ಸಭೆ ಬೇಗ ಮುಗಿಯುತ್ತಿತ್ತು.

ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿದವನು ಮಣಿ ಹೊಯ್ಯುವ ಆ ಮೀನುಗಾರ, ನಮ್ಮ ಮಣಿಗಾರ. "ಬೇರೆ ಊರಿನ ಮಣಿ ಉದುರ್ತವೆ. ನನ್ನ ಮಣಿ ಬಲೆ ಬಿಟ್ಟು ಹೋಗಾಕಿಲ್ಲ" ಎಂದ. ಅವನು ಬೇಕೆಂದು ಸುಳ್ಳು ಹೇಳಲಿಲ್ಲ. ನಿಜವೆಂದೇ ನಂಬಿದ್ದ. ನೂಲೇ ಹರಿದರೆ ಮಣಿ ಎಷ್ಟು ಚೆನ್ನಾಗಿದ್ದರೇನು ಎಂಬುದು ಅವನಿಗೆ ಹೊಳೆದಿರಲಿಲ್ಲ. ಹೆಮ್ಮೆ ಇರುವವನಿಗೆ ತನ್ನ ತಪ್ಪು ಕಾಣುವುದಿಲ್ಲ ಎಂದೆಯಲ್ಲ, ಇಲ್ಲಿಯವರೆಗೆ ನಿನ್ನ ಮಾತೇ ಗೆದ್ದಿತು ಎಂದುಕೋ.

ಮುದುಕಿ ಸತ್ತ ಒಂದು ಹೆಬ್ಬಾತನ್ನು ತರಿಸಿ ಎಲ್ಲರ ಮುಂದೆ ಸೀಳಿದಳು. ಕಾಳು ಅರೆಯುವ ಗಟ್ಟಿ ಚೀಲವನ್ನು ಬಿಡಿಸಿದಳು. ಮರಳು, ಸಣ್ಣ ಕಲ್ಲುಗಳು, ಅವುಗಳ ನಡುವೆ ಬೂದು ಬಣ್ಣದ ಒಂದು ಚೂರು. ಸವೆದು, ಚಪ್ಪಟೆಯಾಗಿ, ಕೆಸರು ಮೆತ್ತಿಕೊಂಡು, ಯಾವುದೋ ಕಾಲದ ಕಸದಂತಿತ್ತು. "ಸೀಸ" ಎಂದಳು ಮುದುಕಿ.

ಎಲ್ಲರೂ ಬೇಟೆಗಾರನ ಕಡೆ ತಿರುಗಿದರು.

"ನಂದಲ್ಲ, ಯಜಮಾನ್ರೇ. ನನ್ನ ಚರೆ ದುಂಡಗಿರ್ತದೆ" ಎಂದ ಅವನು.

"ಕಲ್ಲಿನ ಜೊತೆ ಅಷ್ಟು ದಿನ ಅರೆದ್ರೆ ನಿನ್ನ ತಲೇನೂ ದುಂಡಗಿರಾಕಿಲ್ಲ" ಎಂದ ಒಬ್ಬ. ಸಭೆ ನಕ್ಕಿತು. ನಗುವಿನಲ್ಲೇ ತೀರ್ಮಾನವೂ ಆಯಿತು. ಕೋವಿ ಊರಿನ ವಶಕ್ಕೆ, ಬೇಟೆಗಾರ ಕೆರೆಯ ದಡ ಬಿಟ್ಟು ಹೋಗಬೇಕು, ಬಲೆಗಳು ಹೇಗಿದ್ದವೋ ಹಾಗೆ ಇರಲಿ. ಅವನ ಪರವಾಗಿ ಬಾಯಿ ತೆರೆಯಲು ಅವನ ಹೆಂಡತಿಯ ಹೊರತು ಯಾರೂ ಇರಲಿಲ್ಲ. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೀನುಗಾರರ ಕಡೆಯವರು ನಿಟ್ಟುಸಿರು ಬಿಟ್ಟು, ಎಲೆಯಡಿಕೆಯ ಚೀಲ ಬಿಚ್ಚಿದರು.

ಅಷ್ಟರಲ್ಲಿ ಆ ಚೂರು ಕೈಯಿಂದ ಕೈಗೆ ದಾಟುತ್ತ ನಮ್ಮ ಮಣಿಗಾರನ ಕೈಗೆ ಬಂತು. ಅವನ ಹಿಂದೆ ಕೂತಿದ್ದವನು, "ಥೂ, ಎಂಥ ದರಿದ್ರ ಎರಕ. ಬೇಟೆಗಾರನ ಕೈಯದ್ದೇ ಅನ್ನೋದು ನೋಡಿದ್ರೇ ಗೊತ್ತಾಗ್ತದೆ" ಎಂದ. ಮಣಿಗಾರ ಅದನ್ನು ಬೆರಳಿನ ನಡುವೆ ತಿರುಗಿಸಿದ. ಮೆತ್ತಿದ್ದ ಕೆಸರನ್ನು ಒಂದು ಮುಳ್ಳಿನಿಂದ ಕೆದಕಿದ. ಒಳಗೆ ತೂತಿತ್ತು. ತೂತು ದುಂಡಗಿರಲಿಲ್ಲ. ತೆಂಗಿನ ಕಡ್ಡಿಯ ಹಾಗೆ ಒಂದು ಬದಿ ಚಪ್ಪಟೆ.

ಅದು ಗೊತ್ತಿದ್ದದ್ದು ಅವನೊಬ್ಬನಿಗೆ. ತೀರ್ಮಾನ ಆಗಿಹೋಗಿತ್ತು. ಅದನ್ನು ಕೆಸರಿಗೆ ಎಸೆದು ಎದ್ದು ಹೋಗಿದ್ದರೆ ಅವನ ಮಣಿಯ ಹೆಸರು ಉಳಿಯುತ್ತಿತ್ತು, ಕೇರಿಯ ಬಲೆ ಉಳಿಯುತ್ತಿತ್ತು. ಹೋಗುತ್ತಿದ್ದದ್ದು ಒಬ್ಬ ಬೇಟೆಗಾರನ ನೆಲೆ, ಹೇಳಲು ಬಾಯಿಲ್ಲದ ಒಂದಷ್ಟು ಹಕ್ಕಿಗಳ ಜೀವ. ಹೆಬ್ಬಾತನ್ನು ಕೊಂದದ್ದು ತನ್ನ ಕೈ ಎಂಬ ಸಂಕಟ ಅವನಿಗೆ ಆಯಿತು. ಅಪ್ಪನ ನೆನಪೂ ಬಂತು. ಆದರೆ ಅವನನ್ನು ಎಬ್ಬಿಸಿ ನಿಲ್ಲಿಸಿದ್ದು ಅವಷ್ಟೇ ಅಲ್ಲ. 'ದರಿದ್ರ ಎರಕ' ಎಂಬ ಹಿಂದೆ ಕೂತವನ ಮಾತು ಅವನನ್ನು ಚುಚ್ಚಿತ್ತು.

"ಇದು ನಂದು" ಎಂದ ಅವನು.

ಪಕ್ಕದಲ್ಲಿದ್ದ ಅವನ ಭಾವಮೈದ ಪಂಚೆ ಹಿಡಿದು ಎಳೆದ. "ಕೂತ್ಕೊ ಭಾವ. ನಿನ್ನ ಯಾರು ಕೇಳಿದ್ರು?"

"ಚೆಂದಾಗಿರೋದ್ನೆಲ್ಲ ನಂದು ನಂದು ಅಂತ ಊರಿಗೆಲ್ಲ ತೋರಿಸ್ಕೊಂಡು ತಿರುಗ್ದೋನು ನಾನು. ಇವತ್ತು ಇದೊಂದನ್ನ ಅವನ ತಲೆಗೆ ಕಟ್ಟಿದ್ರೆ, ಇಷ್ಟು ದಿನ ತೋರಿಸ್ದವೂ ನನ್ನವಲ್ಲ ಅಂತಾಯ್ತದೆ. ಬಿಡು ಪಂಚೆ."

ಬಿಡಿಸಿಕೊಂಡು ಸಭೆಯ ನಡುವೆ ಹೋಗಿ ನಿಂತ. ತೂತನ್ನು ಎಲ್ಲರಿಗೂ ತೋರಿಸಿದ. ಕಡ್ಡಿಯ ಗುಟ್ಟನ್ನು ಹೇಳಿದ. ಅದನ್ನು ಅವನು ಭಾವಮೈದನಿಗೂ ಹೇಳಿಕೊಟ್ಟಿರಲಿಲ್ಲ. ಎದೆ ಸೆಟೆಸಿಕೊಂಡೇ ಹೇಳಿದ, ತಲೆ ತಗ್ಗಿಸಲಿಲ್ಲ. ಕೆಲವರಿಗೆ ಅದು ಸರಿಬರಲಿಲ್ಲ. ತಪ್ಪು ಒಪ್ಪಿಕೊಳ್ಳುವವನು ಸ್ವಲ್ಪ ಬಾಗಿರಬೇಕೆಂದು ಜನ ಬಯಸುತ್ತಾರೆ.

ಎಲೆಯಡಿಕೆ ಬಾಯಿಯಲ್ಲೇ ನಿಂತಿತು. ಮೊದಲು ಎದ್ದವನು ಬೇಟೆಗಾರ. ಅವನು ತನ್ನ ಚರೆಯ ಚೀಲವನ್ನು ಸೊಂಟದಿಂದ ಬಿಚ್ಚಿ ಮಣಿಗಾರನ ಕಾಲ ಬಳಿ ಇಟ್ಟ. "ಈ ಹಕ್ಕಿ ಹೊಟ್ಟೇಲಿ ನಂದಿರಲಿಲ್ಲ. ಕೆರೇಲಿ ನಂದೂ ಬೇಕಾದಷ್ಟದೆ" ಎಂದ. ಅದರ ಮೇಲೆ ವಾದ ಮಾಡುವವರು ಉಳಿಯಲಿಲ್ಲ. ಬೇಟೆಗಾರ ದಡದಲ್ಲೇ ಉಳಿದ. ಕೆರೆಗೆ ಸೀಸ ಹೋಗಬಾರದೆಂದು ಊರು ಒಪ್ಪಿತು.

ಮಣಿಗಾರ ಅಂದೇ ಮನೆಗೆ ಹೋಗಿ ಅಪ್ಪನ ಕಾಲದ ಬಲೆಯಿಂದ ಮಣಿಗಳನ್ನು ಬಿಚ್ಚಿದ. ಬಿಚ್ಚುವಾಗ ಅತ್ತ. ಅದನ್ನೂ ಹೇಳದೆ ಬಿಟ್ಟರೆ ಕತೆ ಸುಳ್ಳಾಗುತ್ತದೆ. ಆಮೇಲೆ ಕುಂಬಾರರ ಕೇರಿಗೆ ಹೋಗಿ ಕೂತ. ಮಣ್ಣು ಕಲಸಿ ಮಣಿ ಮಾಡಿದ, ಸುಟ್ಟ, ಒಡೆದುಹೋದವು. ಮತ್ತೆ ಮಾಡಿದ. ಮಣ್ಣಿನ ಮಣಿ ಕಟ್ಟಿದ ಬಲೆ ಮೊದಮೊದಲು ಸೊಟ್ಟಗೆ ಬಿತ್ತು. ಅರ್ಧ ಮೀನು ಹೊರಗೇ ಉಳಿದು ಕೇರಿಯವರು ಅವನನ್ನು ಬಾಯಿಗೆ ಬಂದಂತೆ ಬೈದರು. ಮಣಿಯನ್ನು ಉದ್ದ ಮಾಡಿದ, ಹತ್ತಿರ ಹತ್ತಿರ ಪೋಣಿಸಿದ, ಬಲೆ ಬೀಸುವ ರೀತಿಯನ್ನೂ ಬದಲಿಸಿಕೊಂಡ. ಕೊನೆಗೊಂದು ದಿನ ಬಲೆ ತುಂಬು ಚಂದ್ರನ ಹಾಗೆ ಬಿತ್ತು.

ಹೆಬ್ಬಾತುಗಳ ಸಾವು ಒಮ್ಮೆಗೇ ನಿಲ್ಲಲಿಲ್ಲ. ಕೆಸರಿಗೆ ಬಿದ್ದದ್ದು ಬಿದ್ದಿತ್ತು. ಬೇಸಿಗೆಯಲ್ಲಿ ಕೆರೆಯ ಅಂಚು ಒಣಗಿದಾಗ ಮಣಿಗಾರನೂ ಬೇಟೆಗಾರನೂ ಒಟ್ಟಿಗೆ ಜರಡಿ ಹಿಡಿದು ಕೂತು ಕೈಲಾದಷ್ಟು ಹೆಕ್ಕಿದರು. ಚಳಿಗಾಲದಿಂದ ಚಳಿಗಾಲಕ್ಕೆ ಸಾವು ಕಡಿಮೆಯಾಯಿತು. ಊರಿನವರು ಹೆಣ್ಣು ಕೇಳಲು ಹೋದಲ್ಲಿ ಈಗ ಇನ್ನೂ ಹೆಚ್ಚು ಹೊತ್ತು ಹೆಬ್ಬಾತಿನ ಸುದ್ದಿಯನ್ನೇ ಹೇಳತೊಡಗಿದರು. ಇನ್ನು ಮಣಿಗಾರನ ಜಂಬವೋ, ಅದು ಮೊದಲಿಗಿಂತ ಹೆಚ್ಚಾಯಿತು. ಮಣ್ಣಿನ ಮಣಿಯ ಬಗ್ಗೆ ಅವನು ಮಾತು ಶುರುಮಾಡಿದರೆ ಕುಂಬಾರರೂ ಕೈಮುಗಿದು ಎದ್ದು ಹೋಗುತ್ತಿದ್ದರು.

ಗುರುಗಳು ಕತೆ ನಿಲ್ಲಿಸಿದರು. ಅವರ ಮುಖ ತಮ್ಮ ಮಗನನ್ನೇ ಹೊಗಳಿದವರ ಹಾಗೆ ಬೆಳಗಿತ್ತು.

"ಒಳ್ಳೆಯವನೇ, ಗುರುಗಳೇ. ಆದರೆ ಅಷ್ಟೆಲ್ಲ ಆದ ಮೇಲೂ ಅವನ ಹೆಮ್ಮೆ ಇಳಿಯಲಿಲ್ಲವಲ್ಲ. ಅದೊಂದು ಸ್ವಲ್ಪ ಕಡಿಮೆ ಇದ್ದಿದ್ದರೆ?" ಎಂದ ಶಿಷ್ಯ.

"ಕಡಿಮೆ ಇದ್ದಿದ್ದರೆ ಹೆಬ್ಬಾತಿನ ಹೊಟ್ಟೆಯ ಆ ಮಣಿ ಇಂದಿಗೂ ಬೇಟೆಗಾರನದೇ ಆಗಿರುತ್ತಿತ್ತು" ಎಂದರು ಗುರುಗಳು.