ನೂರು ಕುಡಿಕೆ ನೀರು

"ಗುರುಗಳೇ, ನಾನು ಈ ಸಮಿತಿಯನ್ನು ಬಿಟ್ಟುಬಿಡಲೇ?" ಎಂದು ಶಿಷ್ಯ ಕೇಳಿದ.

ಅವನು ಸದನದ ಸದಸ್ಯ. ಸರ್ಕಾರದ ಖರ್ಚನ್ನು ಪರಿಶೀಲಿಸುವ ಸಮಿತಿಯಲ್ಲಿ ಏಳು ವರ್ಷ ಕೂತಿದ್ದ. ಹಣ ಖರ್ಚಾದ ಮೇಲೆ ಕಡತ ಬರುತ್ತದೆ. ಸಮಿತಿ ಪ್ರಶ್ನೆ ಕೇಳುತ್ತದೆ, ಅಧಿಕಾರಿಗಳು ಉತ್ತರ ಕೊಡುತ್ತಾರೆ, ವರದಿ ಸದನಕ್ಕೆ ಹೋಗುತ್ತದೆ. 'ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂಬ ಒಂದು ಸಾಲು ವಾಪಸು ಬರುತ್ತದೆ. ಅದೇ ಸಾಲನ್ನು ಓದಿ ಓದಿ ಅವನಿಗೆ ಸಾಕಾಗಿತ್ತು. ರಾಜೀನಾಮೆ ಬರೆದು ತಂದಿದ್ದ.

ಗುರುಗಳು ಕಾಗದವನ್ನು ಓದಲಿಲ್ಲ. ಕತೆ ಹೇಳಿದರು.

ಒಬ್ಬ ರಾಜ ನೂರು ಊರುಗಳಲ್ಲಿ ಬಾವಿ ತೋಡಿಸಲು, ವರ್ಷ ವರ್ಷ ಹೂಳು ತೆಗೆಸಲು ಮಂತ್ರಿಗೆ ಹಣ ಕೊಟ್ಟ. ಹಣ ಬಾವಿಗೇ ಹೋಯಿತೇ ಎಂದು ನೋಡಲು ಪ್ರಜೆಗಳಲ್ಲಿ ಐವರನ್ನು ನೇಮಿಸಿದ. ಐವರು ನೂರು ಊರು ಸುತ್ತುವುದು ಹೇಗೆ? ಅದಕ್ಕೆ ಒಂದು ಪದ್ಧತಿ ಮಾಡಿಕೊಂಡರು. ಪ್ರತಿ ಬಾವಿಯಿಂದ ವರ್ಷಕ್ಕೊಂದು ಕುಡಿಕೆ ನೀರು ಬರಬೇಕು. ಊರಿನ ಹೆಸರು ಬರೆದ ಕುಡಿಕೆ ಬಂದರೆ ಬಾವಿ ಇದೆ, ಆ ವರ್ಷದ ಹೂಳೂ ತೆಗೆದಿದೆ ಎಂದು ಲೆಕ್ಕ. ಕುಡಿಕೆ ತರಿಸುವ ಕೆಲಸವನ್ನು ಮಂತ್ರಿಗೇ ಬಿಟ್ಟರು.

ತಪ್ಪದೆ ನೂರು ಕುಡಿಕೆ ಬರುತ್ತಿದ್ದವು. ಐವರೂ ಒಂದೊಂದು ಗುಟುಕು ಕುಡಿದು 'ನೀರು ಸಿಹಿ' ಎಂದು ಬರೆಯುತ್ತಿದ್ದರು.

ಐವರಲ್ಲಿ ಒಬ್ಬ ದನದ ವ್ಯಾಪಾರಿ, ಮುದುಕ. ಒಂದು ವರ್ಷ ಅವನು ಗಡಿಯ ಊರೊಂದರ ಕುಡಿಕೆಯನ್ನು ಕೆಳಗಿಟ್ಟ.

"ಈ ಊರು ನಾನು ಕಂಡದ್ದೇ. ಅಲ್ಲಿ ಎಲ್ಲಿ ತೋಡಿದರೂ ಸವಳು ನೀರು. ಇದು ಸಿಹಿ ಹೇಗಾಯಿತು?"

"ದನದ ಹಲ್ಲು ನೋಡೋದು ಬಿಟ್ಟು ನೀರಿನ ಹಲ್ಲು ನೋಡೋಕೆ ಹೊರಟೆಯಾ ಅಜ್ಜಾ?" ಎಂದು ಪಕ್ಕದವನು ನಕ್ಕ. "ಇನ್ನೂ ಅರವತ್ತು ಕುಡಿಕೆ ಇದೆ. ಕುಡಿದು ಏಳು, ಊಟ ಆರ್ತಾ ಇದೆ."

ಮುದುಕ ಎಂಟು ದಿನ ನಡೆದು ಆ ಊರಿಗೆ ಹೋದ. ಬಾವಿ ಇರಲಿಲ್ಲ. ಹೆಂಗಸರು ಹರದಾರಿ ದೂರದ ಕುಂಟೆಯಿಂದ ನೀರು ಹೊರುತ್ತಿದ್ದರು. ಬೇಸಿಗೆಗೆ ಅದೂ ಬತ್ತುತ್ತಿತ್ತು. ಅವನು ಬಂದು ಕಂಡದ್ದನ್ನು ಬರೆದ. ಮಂತ್ರಿ 'ಗಮನಿಸಲಾಗಿದೆ' ಎಂದ. ಮರುವರ್ಷವೂ ಕುಡಿಕೆ ಸಿಹಿಯಾಗಿತ್ತು. ಮತ್ತೆ ಬರೆದ. ಹೀಗೆ ಮೂರು ವರ್ಷ.

ನಾಲ್ಕನೆಯ ವರ್ಷ ಆ ಊರಿನ ನೀರು ಬಾಯಿಗಿಟ್ಟು ನಾಲ್ವರು ಮುಖ ಕಿವುಚಿದರು. ಮುದುಕ ಕುಡಿಕೆಯನ್ನು ಎತ್ತಿ ಕೊನೆಯ ಹನಿಯವರೆಗೆ ಕುಡಿದ.

ಆಮೇಲೆ ಉಳಿದ ತೊಂಬತ್ತೊಂಬತ್ತು ಕುಡಿಕೆಗಳ ಕಡೆ ನೋಡಿದ. ನಾಲ್ಕು ವರ್ಷಕ್ಕೆ ಒಂದು ಬಾವಿ. ಅವನ ಕಾಲು ಸೋತಿತ್ತು. ಇನ್ನು ನನ್ನಿಂದಾಗದು ಎಂದು ಹೇಳಿ ಮನೆಗೆ ಹೋದ.

ಶಿಷ್ಯನಿಗೆ ಎದೆ ಹಗುರವಾದಂತಾಯಿತು. "ಹಾಗಾದರೆ ಅವನೂ ಬಿಟ್ಟನಲ್ಲ ಗುರುಗಳೇ! ಆ ಒಬ್ಬ ಮುದುಕ ಹೋದದ್ದರಿಂದ ಏನು ವ್ಯತ್ಯಾಸವಾಯಿತು?"

ಗುರುಗಳು ಹೇಳಿದರು: "ಮರುವರ್ಷ ಆ ಊರಿನ ನೀರು ಮತ್ತೆ ಸಿಹಿಯಾಗಿ ಬಂತು."