ಕುರಿಯ ಕಿವಿ

“ಕುರಿಗೆ ಕಿವಿ ಆಗಿಲ್ಲ. ಕೆಚ್ಚು...”

ನನ್ನ ಹೆಂಡತಿ ಜೀವಮಣಿ ಕಡೆಯದಾಗಿ ಆಡಿದ್ದು ಇಷ್ಟೇ. ಆಮೇಲೆ ಉಸಿರು ಸಾಲಲಿಲ್ಲ. ಉಳಿದ ಮಾತು ಬಾಯಿಯಲ್ಲೇ ಉಳಿಯಿತು.

ನಾನು ಯೋನಪ್ಪ. ನಾಲ್ಕನೇ ಇಯತ್ತೆಯವರೆಗೆ ಓದಿದವನು. ಮೂವತ್ತೊಂದು ವರ್ಷ ರಸ್ತೆಗೆ ರೋಲರ್ ಓಡಿಸಿದೆ. ಆ ಸದ್ದಿಗೆ ಕಿವಿ ಅರ್ಧ ಹೋಗಿದೆ. ರೋಲರಿಗೂ ಕಿವಿ ಇಲ್ಲ, ರೋಲರ್ ಹೊಡೆಯುವವರಿಗೂ ಇಲ್ಲ ಎಂದು ಜೀವಮಣಿ ನಗುತ್ತಿದ್ದಳು. ಆದರೆ ಆ ದಿನ ಸರಿಯಾಗಿ ಕೇಳಿಸಿತು. ಕೆಚ್ಚು ಅಂದಳು.

ಕೆಚ್ಚು ಅಂದರೆ ನನಗೆ ಗೊತ್ತು. ಜಾಲಿಮರ ಕೊಯ್ದರೆ ನಡುವೆ ಕಪ್ಪಗೆ, ಕಲ್ಲಿನ ಹಾಗೆ ಇರುತ್ತದಲ್ಲ, ಅದು. ಮನುಷ್ಯನಿಗೂ ಹೇಳುತ್ತಾರೆ, ಎದೆಯಲ್ಲಿ ಕೆಚ್ಚು ಇರಲಿ ಅಂತ. ಗಟ್ಟಿಯಾಗಿರು ಅನ್ನುತ್ತಿದ್ದಾಳೆ ಅಂದುಕೊಂಡೆ. ಮಣ್ಣು ಕೊಡಲು ಬಂದವರೂ ಅದನ್ನೇ ಹೇಳಿದರು. ನಾನು ಗಟ್ಟಿಯಾದೆ. ಅಳಲಿಲ್ಲ. ಎದುರು ಮನೆಯ ರೂತವ್ವ ದಿನಾ ರೊಟ್ಟಿ ತರುತ್ತಿದ್ದಳು. ಮಾಡಿಕೊಂಡಿದ್ದೇನೆ ಅಂದು ದಿನಾ ಕಳಿಸುತ್ತಿದ್ದೆ. ಮಾಡಿಕೊಂಡಿರುತ್ತಿರಲಿಲ್ಲ.

ಉಳಿದದ್ದು ಕುರಿ.

ಕ್ರಿಸ್‌ಮಸ್ ದಿನ ಬೆಳಿಗ್ಗೆ, ಆರಾಧನೆಗೆ ಮುಂಚೆ, ಮನೆಗೊಂದು ಅಲಂಕಾರ ತಂದು ಚರ್ಚಿನ ಮರಕ್ಕೆ ಕಟ್ಟುವುದು ನಮ್ಮ ಸಭೆಯ ವಾಡಿಕೆ. ಕೈಯಾರೆ ಮಾಡಿದ್ದಾಗಬೇಕು. ಎಲ್ಲಾ ವರ್ಷ ಜೀವಮಣಿ ಕಾಗದದ ನಕ್ಷತ್ರ ಮಾಡುತ್ತಿದ್ದಳು. ಈ ವರ್ಷ ಎಲಿಶೆಬಾ ಅಕ್ಕೋರು ಚರ್ಚಿನ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಉಣ್ಣೆಯ ಕೆಲಸ ಕಲಿಸಲು ಶುರು ಮಾಡಿದರು. ಅಕ್ಕೋರು ಅಂದರೆ ನಮ್ಮ ಕಡೆ ಟೀಚರು. ಬಿಡಿ ಉಣ್ಣೆಯನ್ನು ಸೂಜಿಯಿಂದ ಚುಚ್ಚಿ ಚುಚ್ಚಿ ಗೊಂಬೆ ಮಾಡುವುದು. ಜೀವಮಣಿ ಸೇರಿದಳು. ಅವಳ ಮೊದಲ ಗೊಂಬೆ ಈ ಕುರಿ. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಬಿಳಿ ಮೈ, ಕರಿ ಮುಖ, ನಾಲ್ಕು ಗಿಡ್ಡ ಕಾಲು. ಕಿವಿ ಇಲ್ಲ.

ಡಿಸೆಂಬರ್ ಮೊದಲ ಸೋಮವಾರ ಕುರಿಯನ್ನು ಜೇಬಿನಲ್ಲಿಟ್ಟುಕೊಂಡು ನಾನೂ ಪಡಸಾಲೆಗೆ ಹೋದೆ. ಒಂಬತ್ತು ಜನ ಹೆಂಗಸರು ಇದ್ದರು. ರೂತವ್ವನೂ ಇದ್ದಳು. ನನ್ನನ್ನು ನೋಡಿ, ಯೋನಪ್ಪ, ರೋಲರ್ ಹೊರಗ ನಿಲ್ಲಿಸಿ ಬಂದೀಯೋ, ಒಳಗ ತರ್ತೀಯೋ ಅಂದಳು. ಎಲ್ಲರೂ ನಕ್ಕರು. ನಾನು ಗೋಡೆಗೆ ಒರಗಿ ಕೂತೆ.

ಅಕ್ಕೋರು ಒಂದು ಹಿಡಿ ಉಣ್ಣೆ, ಒಂದು ಸ್ಪಂಜು ಕೊಟ್ಟರು. ಸೂಜಿ ನನ್ನ ಹತ್ತಿರವೇ ಇತ್ತು. ಜೀವಮಣಿಯದು, ಮೂರು. ಆ ಸೂಜಿಗೆ ಕಣ್ಣಿಲ್ಲ. ಮೈಗೆ ಹಲ್ಲುಗಳಿವೆ, ಬೆರಳಿಗೆ ಸಿಗುತ್ತವೆ, ಕಣ್ಣಿಗೆ ಸಿಗುವುದಿಲ್ಲ. ಚುಚ್ಚಿದಾಗ ಹಲ್ಲು ಮೇಲಿನ ಕೂದಲನ್ನು ಹಿಡಿದು ಒಳಗೆ ನುಗ್ಗಿಸುತ್ತದೆ. ಅಲ್ಲಿಯ ಕೂದಲಿಗೆ ಅದು ತೊಡರಿಕೊಳ್ಳುತ್ತದೆ. ಅಂಟು ಬೇಡ, ದಾರ ಬೇಡ.

ಉಣ್ಣೆ ಉಂಡೆ ಕಟ್ಟಿ ಚುಚ್ಚಿದೆ. ಮೊದಲು ಮೋಡದ ಹಾಗೆ ಇತ್ತು. ನೂರು ಸಲ ಚುಚ್ಚಿದೆ, ಏನೂ ಆಗಲಿಲ್ಲ. ಇನ್ನೂ ನೂರು ಆಯಿತು. ಆಗ ಹೆಬ್ಬೆರಳಿನಡಿ ಏನೋ ನಿಂತ ಹಾಗೆ ಆಯಿತು. ತಿರುಗಿಸಿ ಚುಚ್ಚಿದೆ. ಮತ್ತೆ ತಿರುಗಿಸಿದೆ. ಉಂಡೆ ಸಣ್ಣದಾಯಿತು, ದುಂಡಗಾಯಿತು. ಒತ್ತಿದರೆ ತಿರುಗಿ ಒತ್ತಿತು. ನಾನು ಹತ್ತು ಟನ್ ಗಾಲಿಯಿಂದ ಜಲ್ಲಿಗೆ ಮಾಡುತ್ತಿದ್ದ ಕೆಲಸವನ್ನು ಒಂದು ಸೂಜಿ ಉಣ್ಣೆಗೆ ಮಾಡಿತ್ತು. ನಗು ಬಂತು. ಮೂರು ತಿಂಗಳಾಗಿತ್ತು ನಗು ಬಂದು. ಉಂಡೆಯನ್ನು ನೆಲಕ್ಕೆ ಎಸೆದೆ. ಪುಟಿಯಿತು. ರೂತವ್ವ ಹಿಡಿದಳು.

ಅಂದಿನಿಂದ ಕೈ ಸುಮ್ಮನಿರಲಿಲ್ಲ. ಚಹಾ ಆರಿಹೋಗುತ್ತಿತ್ತು. ಬೆರಳಿಗೆ ಚುಚ್ಚಿಕೊಂಡೆ, ಬಟ್ಟೆ ಸುತ್ತಿ ಮತ್ತೆ ಕೂತೆ. ಗಂಟೆ ಮಾಡಿದೆ, ಚೆಂಡು ಮಾಡಿದೆ, ಒಂದು ಕೋಳಿ ಮಾಡಿದೆ. ಕೋಳಿಯನ್ನು ಎಲ್ಲರೂ ಬದನೆಕಾಯಿ ಅಂದರು. ಪರವಾಗಿಲ್ಲ. ನನ್ನ ಮನಸ್ಸು ಕಿವಿಯ ಮೇಲೆ ಇತ್ತು. ಕಿವಿ ಕೂಡಿಸಿ ಅವಳ ಕುರಿಯನ್ನು ಈ ಕ್ರಿಸ್‌ಮಸ್ಸಿಗೇ ಮರಕ್ಕೆ ಕಟ್ಟಬೇಕು. ಅವಳು ಕೇಳಿದ್ದು ಅದೊಂದೇ.

ಎರಡನೇ ವಾರ ಕಿವಿ ಮಾಡಿದೆ. ಎಲೆಯ ಹಾಗೆ ಎರಡು. ಕೆಚ್ಚು ಅಂದಿದ್ದಾಳಲ್ಲ, ಗಟ್ಟಿ ಮಾಡಿದೆ. ತುದಿ, ಬುಡ, ಅಂಚು, ಎಲ್ಲಾ. ಹುಣಸೆ ಬೀಜದಷ್ಟು ಗಟ್ಟಿ. ಕುರಿಯ ತಲೆಗೆ ಇಟ್ಟು ಚುಚ್ಚಿದೆ. ನಿಂತಿತು. ಅಕ್ಕೋರು ಬಂದು, ಕಿವಿ ಹಿಡಿದು ಎತ್ತು ಅಂದರು. ಕುರಿ ಮೇಲೆ ಬಂದರೆ ಕೂಡಿಕೊಂಡಿದೆ ಎಂದು ಲೆಕ್ಕ. ಎತ್ತಿದೆ. ಕಿವಿ ಕೈಯಲ್ಲಿ ಉಳಿಯಿತು. ಕುರಿ ಸ್ಪಂಜಿನ ಮೇಲೆಯೇ ಇತ್ತು.

ಇನ್ನೂ ಗಟ್ಟಿ ಮಾಡಿದೆ. ಒಂದು ಸೂಜಿ ಮುರಿಯಿತು. ಬೇರೆ ಕಿವಿ ಮಾಡಿದೆ, ಅದನ್ನೂ ಗಟ್ಟಿ ಮಾಡಿದೆ. ಎರಡನೇ ಸೂಜಿಯೂ ಮುರಿಯಿತು. ಕಿವಿ ಬಿದ್ದೇ ಬಿತ್ತು.

ಇಪ್ಪತ್ತನಾಲ್ಕನೇ ತಾರೀಖು ಮಧ್ಯಾಹ್ನ. ಹೆಂಗಸರೆಲ್ಲ ಮನೆಗೆ ಹೋಗಿದ್ದರು, ಪಡಸಾಲೆಯಲ್ಲಿ ಅಕ್ಕೋರು ಮಾತ್ರ ಇದ್ದರು. ಅವಳದೊಂದು ಸೂಜಿ ಉಳಿದಿತ್ತು. ಅದನ್ನೂ ಮುರಿದುಕೊಂಡರೆ ಮುಗಿಯಿತು. ಕುರಿಯನ್ನು ದಿಟ್ಟಿಸಿ ನೋಡಿದೆ. ತಲೆಯ ಎರಡೂ ಬದಿಗೆ ಒಂದೊಂದು ಕಾಳಿನಷ್ಟು ಜಾಗ ಮೆತ್ತಗಿತ್ತು. ಹೊಸಬಳು, ಅಲ್ಲಿ ಚುಚ್ಚುವುದನ್ನು ಮರೆತಿದ್ದಾಳೆ ಅಂದುಕೊಂಡೆ. ಅದರಿಂದಲೇ ಕಿವಿ ನಿಲ್ಲುತ್ತಿಲ್ಲ. ಮೊದಲು ಆ ಜಾಗ ಗಟ್ಟಿ ಮಾಡಬೇಕು. ಸೂಜಿ ಎತ್ತಿದೆ. ಎತ್ತಿದವನು ಯಾಕೋ ತಡೆದು ಅಕ್ಕೋರನ್ನು ಕೇಳಿದೆ.

“ಅಕ್ಕೋರ, ಗಟ್ಟಿ ಮಾಡಿದಷ್ಟೂ ಇದು ಯಾಕ ಕೂಡವಲ್ದು? ಇನ್ನ ಎಷ್ಟು ಚುಚ್ಚಬೇಕು?”

ಅಕ್ಕೋರು ಉಣ್ಣೆ ಕಟ್ಟಿಡುತ್ತಿದ್ದರು. ನನ್ನ ಕೈಯಿಂದ ಸೂಜಿ ತೆಗೆದುಕೊಂಡು ಸ್ಪಂಜಿಗೆ ಸಿಕ್ಕಿಸಿದರು. ಕುರಿಯನ್ನು ನೋಡಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ನೇಕಾರ ಇದ್ದ. ಅವನೂ ಅವನ ಹೆಂಡತಿಯೂ ಒಂದೇ ಮಗ್ಗದಲ್ಲಿ ದುಡಿಯುತ್ತಿದ್ದರು. ಅವನು ನೇಯುವನು. ಸೀರೆ ಮುಗಿಯುವ ಹೊತ್ತಿಗೆ ಅವಳು ಬಂದು ಅವನ ಕೈ ಹಿಡಿಯುವಳು. ಒಂದು ಗೇಣು ನೂಲನ್ನು ನೇಯದೆ ಮಗ್ಗದಲ್ಲೇ ಉಳಿಸುವಳು. ಹೊಸ ಹಾಸು, ಅಂದರೆ ಮುಂದಿನ ಸೀರೆಯ ಉದ್ದೆಳೆಯ ನೂಲು, ಬಂದಾಗ ಅದರ ಒಂದೊಂದು ಎಳೆಯನ್ನೂ ಬಿಟ್ಟ ಎಳೆಗೆ ಕೆಚ್ಚುವಳು. ಎರಡು ಸಾವಿರ ಎಳೆ. ಆಮೇಲೆ ಅವನು ಮತ್ತೆ ನೇಯುವನು.

ಆ ಒಂದು ಗೇಣು ಅವನ ಕಣ್ಣಿಗೆ ಚುಚ್ಚುತ್ತಿತ್ತು. ಅರ್ಧಕ್ಕೆ ಬಿಟ್ಟ ಕೆಲಸದಂತೆ ಕಾಣುತ್ತಿತ್ತು.

ಒಮ್ಮೆ ಹೆಂಡತಿ ಮಗಳ ಬಾಣಂತನಕ್ಕೆ ಹೋದಳು. ನೇಕಾರ ಕಡೆಯ ಎಳೆಯವರೆಗೂ ನೇಯ್ದ. ಬಿಗಿಯಾಗಿ ನೇಯ್ದ. ತುದಿಯನ್ನು ನೆಟ್ಟಗೆ ಕೊಯ್ದ. ಸೀರೆ ಕೊಳ್ಳಲು ಬಂದ ವರ್ತಕ ಅಂಚು ಸವರಿ ನೋಡಿ, ಇಷ್ಟು ಪೂರ್ತಿಯಾದ ಸೀರೆ ಕಂಡಿಲ್ಲ ಎಂದ. ನೇಕಾರ ಹಿಗ್ಗಿದ.

ಮರುದಿನ ಹೊಸ ಹಾಸು ತಂದ. ಮಗ್ಗದಲ್ಲಿ ಒಂದೂ ಎಳೆ ಇರಲಿಲ್ಲ. ಹೊಸ ನೂಲಿಗೆ ಗಂಜಿ ಹಾಕಿ ಬಿರುಸು ಮಾಡಿದ. ಇನ್ನಷ್ಟು ಬಿರುಸು ಮಾಡಿದ. ಕೂಡಲಿಕ್ಕೆ ಏನೂ ಇರಲಿಲ್ಲ. ಹೆಂಡತಿ ಬರುವವರೆಗೂ ಮಗ್ಗದ ಮುಂದೆ ಕೂತಿದ್ದ.

ಅವಳು ಬಂದಳು. ಮಗ್ಗ ನೋಡಿದಳು. “ಏನು ಮಾಡಿದಿರಿ?” ಎಂದಳು.

“ಪೂರ್ತಿ ಮಾಡಿದೆ” ಎಂದ.

“ನಾನು ಬಂದು ಕೂರುವ ಜಾಗವನ್ನೇ ಕೊಯ್ದಿರಲ್ಲ” ಎಂದಳು.

ಅಕ್ಕೋರು ಅಷ್ಟಕ್ಕೆ ನಿಲ್ಲಿಸಿದರು.

ನನಗೆ ಕತೆಗಿಂತ ಒಂದು ಮಾತು ಹಿಡಿದುಕೊಂಡಿತ್ತು. ಕೆಚ್ಚೋದು ಅಂದರೇನು ಎಂದು ಕೇಳಿದೆ. ಅಕ್ಕೋರು ಎರಡು ಎಳೆ ಉಣ್ಣೆ ತೆಗೆದರು. ತುದಿಗೆ ತುದಿ ಪಕ್ಕದಲ್ಲಿಟ್ಟರು. ಬೆರಳಿಗೆ ಉಗುಳು ಹಚ್ಚಿ ಹೊಸೆದರು. ಎರಡು ಇದ್ದದ್ದು ಒಂದಾಯಿತು. ಇದನ್ನೇ ನೇಕಾರರು ಕೆಚ್ಚುವುದು ಅನ್ನುತ್ತಾರೆ, ಬೆಟಗೇರಿಯ ಹೆಣ್ಣುಮಕ್ಕಳು ಹುಟ್ಟುತ್ತಲೇ ಕಲಿಯುತ್ತಾರೆ ಎಂದರು.

ಜೀವಮಣಿ ಬೆಟಗೇರಿಯವಳು. ಅವಳ ತವರಿನಲ್ಲಿ ನಾಲ್ಕು ಮಗ್ಗ ಇದ್ದವು. ನಾನು ಜಲ್ಲಿ, ಡಾಂಬರಿನವನು.

ಕುರಿಗೆ ಕಿವಿ ಆಗಿಲ್ಲ. ಕೆಚ್ಚು. ಕೆಚ್ಚು ಅಂದವಳು ಮುಂದೆ ‘ರಿ’ ಅನ್ನಲು ಉಸಿರಿಲ್ಲದೆ ಹೋದಳು. ಗಟ್ಟಿಯಾಗಿರು ಅಂದಿರಲಿಲ್ಲ. ಕೂಡಿಸು ಅಂದಿದ್ದಳು. ಮೂರು ತಿಂಗಳು ನಾನು ಅವಳ ಮಾತನ್ನು ತಿರುವುಮುರುವಾಗಿ ನಡೆಸಿದ್ದೆ.

ಅಕ್ಕೋರು ಕುರಿಯನ್ನು ಅಂಗೈ ಮೇಲೆ ಇಟ್ಟುಕೊಂಡರು. ಅದರ ತಲೆಯ ಮೇಲೆ ಮೆಲ್ಲಗೆ ಊದಿದರು. ನಾನು ಮರೆವು ಅಂದುಕೊಂಡಿದ್ದ ಆ ಎರಡು ಜಾಗದಿಂದ ಬಿಡಿ ಕೂದಲು ಎದ್ದು ನಿಂತಿತು. ಎರಡೂ ಕಡೆ ಒಂದೇ ಅಳತೆ. ಆಮೇಲೆ ನನ್ನ ಹುಣಸೆ ಬೀಜದಂಥ ಕಿವಿಗಳನ್ನು ಪಕ್ಕದಲ್ಲಿಟ್ಟರು.

“ಜೀವಮಣಿ ತನ್ನ ತುದಿ ಬಿಟ್ಟು ಹೋಗಿದ್ದಾಳೆ, ನಿನ್ನದು ಎಲ್ಲಿ, ಯೋನಪ್ಪ?”

ಕುರಿಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಬೇಗ ಎದ್ದೆ. ಬಾಗಿಲು ತೆರೆದು ಹೊಸ್ತಿಲ ಮೇಲೆ ಕೂತೆ, ಬೆಳಕಿಗೆ. ಒಂದು ಚಿಟಿಕೆ ಕರಿ ಉಣ್ಣೆ ತೆಗೆದೆ. ತುದಿ ಚುಚ್ಚಿದೆ. ಬುಡ ಬಿಟ್ಟೆ. ಬಿಡುವುದು ಕಷ್ಟ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ನನ್ನ ಬಿಡಿ ಕೂದಲನ್ನು ಅವಳ ಬಿಡಿ ಕೂದಲಿನ ಮೇಲೆ ಹರಡಿದೆ. ಉಳಿದ ಒಂದೇ ಸೂಜಿ. ನೆಟ್ಟಗೆ ಇಳಿಸಿದೆ, ನೆಟ್ಟಗೆ ಎತ್ತಿದೆ. ಹತ್ತು. ಇಪ್ಪತ್ತು. ಮೂವತ್ತಕ್ಕೆ ಹೆಬ್ಬೆರಳಿನಡಿ ಅದು ಹಿಡಿದುಕೊಂಡದ್ದು ತಿಳಿಯಿತು. ಯಾವ ಕೂದಲು ಅವಳದು, ಯಾವುದು ನನ್ನದು ಕಾಣಲಿಲ್ಲ. ಎರಡನೇ ಕಿವಿಗೆ ಅಷ್ಟು ಹೊತ್ತೂ ಹಿಡಿಯಲಿಲ್ಲ.

ಕಿವಿ ಹಿಡಿದು ಎತ್ತಿದೆ. ಕುರಿ ಮೇಲೆ ಬಂತು.

ಹಾಗೆಯೇ ಹಿಡಿದುಕೊಂಡು ಎದುರು ಮನೆಗೆ ಹೋದೆ. ರೊಟ್ಟಿ ಇದ್ದರೆ ಕೊಡು ಎಂದು ರೂತವ್ವನನ್ನು ಕೇಳಿದೆ. ಅವಳು ನನ್ನನ್ನು ನೋಡಿದಳು, ತೂಗಾಡುತ್ತಿದ್ದ ಕುರಿಯನ್ನು ನೋಡಿದಳು.

“ಒಂದು ಕಿವಿ ದೊಡ್ಡದಾತಲ್ಲೋ” ಅಂದಳು. ಸೆರಗಿನಿಂದ ಮೂಗು ಒರೆಸಿಕೊಂಡು ತಾಟು ಇಟ್ಟಳು.

ಎರಡು ರೊಟ್ಟಿ ತಿಂದೆ. ಮೂರನೆಯದನ್ನು ಕೇಳಿ ಹಾಕಿಸಿಕೊಂಡೆ. ಚರ್ಚಿನ ಮೊದಲ ಗಂಟೆ ಆಯಿತು. ಮರದ ಹತ್ತಿರ ಹೋದಾಗ ಎಲ್ಲರೂ ಅಲಂಕಾರದ ಬೆನ್ನಿಗೆ ದಾರ ಪೋಣಿಸಿ ಕಟ್ಟುತ್ತಿದ್ದರು. ನನ್ನ ಕೈಗೂ ಒಂದು ದಾರ ಕೊಟ್ಟರು.

ನಾನು ಬೆನ್ನಿಗೆ ಹಾಕಲಿಲ್ಲ. ಕಿವಿಗೆ ಹಾಕಿ ಕಟ್ಟಿದೆ.